ಚಲುವಯ್ಯ ಮೇಷ್ಟ್ರ ಕಿವಿ

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ದೇವರಾಜುವಿಗೆ ಒಂದು ಚಾಳಿಯಿತ್ತು. ಏನು ಕೆಟ್ಟಿದೆ ಎಂದು ಗಿರಾಕಿ ಬಾಯಿ ಬಿಡುವ ಮೊದಲೇ ತಪ್ಪು ಯಾರದೆಂದು ತೀರ್ಪು ಕೊಟ್ಟುಬಿಡುತ್ತಿದ್ದ. ಪ್ರಿಂಟರು ಕಾಗದ ನುಂಗಿದರೆ ಕಾಗದ ಇಟ್ಟವರದು ತಪ್ಪು. ಫೈಲು ಕಾಣೆಯಾದರೆ ಅಳಿಸಿದವರದು ತಪ್ಪು. “ಮಿಷನ್ನು ಯೋಳ್ದಷ್ಟು ಮಾಡ್ತದೆ ಕಣ್ರೀ, ಯೋಳೋರು ಸರಿಯಾಗ್ ಯೋಳ್ಬೇಕು” ಎನ್ನುವುದು ಅವನ ಇಪ್ಪತ್ತೆರಡು ವರ್ಷದ ಕಸುಬಿನ ಸಾರ. ಹತ್ತರಲ್ಲಿ ಒಂಬತ್ತು ಸಲ ಅವನ ಮಾತು ನಿಜವೂ ಆಗುತ್ತಿತ್ತು. ಅವನನ್ನು ಕೆಡಿಸಿದ್ದು ಆ ಒಂಬತ್ತು ಸಲಗಳೇ.

ಹುಟ್ಟಿದ್ದು ಪಾಲಹಳ್ಳಿಯಲ್ಲಿ. ನಾಲೆ ನೀರಿನ ಊರು, ಅಪ್ಪನಿಗೆ ಕಬ್ಬು, ಮಗನಿಗೆ ತಂತಿ. ಮನೆಯ ರೇಡಿಯೊ ಬಿಚ್ಚಿ ಒದೆ ತಿಂದು, ಅದನ್ನೇ ಜೋಡಿಸಿ ಶಹಬ್ಬಾಸ್ ಅನ್ನಿಸಿಕೊಂಡವನು. ಪಿಯುಸಿಗೆ ಎರಡು ಸಲ ಕೂತು, ಎರಡು ಸಲವೂ ಎದ್ದು ಬಂದು, ಶ್ರೀರಂಗಪಟ್ಟಣದ ಒಂದು ಟೇಪ್ ರೆಕಾರ್ಡರ್ ಅಂಗಡಿಯಲ್ಲಿ ಬೆಸುಗೆ ಹಾಕುವುದನ್ನು ಕಲಿತ. ಕ್ಯಾಸೆಟ್ಟಿನ ಕಾಲ ಮುಗಿದಾಗ ಕಂಪ್ಯೂಟರಿಗೆ ಕೈ ಹಾಕಿದ. ಯಾರೂ ಕಲಿಸಲಿಲ್ಲ. ಕೆಟ್ಟು ಬಂದ ಒಂದೊಂದು ಕಂಪ್ಯೂಟರೂ ಒಂದೊಂದು ಪಾಠ. ಶ್ವೇತಳನ್ನು ಮದುವೆಯಾಗಿ ಅವಳ ಊರಾದ ಕೆ.ಆರ್.ಪೇಟೆಗೆ ಬಂದು ಅಂಗಡಿ ಹಾಕಿದ ಮೇಲೆ, ಹಾಲಿನ ಡೇರಿಯಿಂದ ಹಿಡಿದು ಸರ್ಕಾರಿ ಕಚೇರಿಯವರೆಗೆ ಎಲ್ಲಿ ಪರದೆ ಕಪ್ಪಾದರೂ ದೇವರಾಜುವಿಗೇ ಫೋನು. ಹೀಗೆ ತಾನಾಗಿ ಕಲಿತವನಿಗೆ ತಾನಾಗಿ ಕಲಿತ ಇನ್ನೊಬ್ಬನ ಮೇಲೆ ಗೌರವ ಇರಬೇಕಿತ್ತು. ಇರಲಿಲ್ಲ.

ಆ ಇನ್ನೊಬ್ಬರು ಸಂತೆಬಾಚಹಳ್ಳಿಯ ಚಲುವಯ್ಯ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ನಮ್ಮ ಕಡೆ ಸುಗ್ಗಿ ಮುಗಿದರೆ ರೈತರು, ಡೇರಿ ಕಾರ್ಯದರ್ಶಿಗಳು, ಬಸ್ ಕಂಡಕ್ಟರುಗಳು ಕಿರೀಟ ಇಟ್ಟು ಪೌರಾಣಿಕ ನಾಟಕ ಆಡುತ್ತಾರಲ್ಲ, ಅವರಿಗೆ ಮೂರು ನಾಲ್ಕು ತಿಂಗಳು ಮೊದಲೇ ಮಾತು, ಹಾಡು ಕೂಡಿಸಿ ಕಲಿಸುವವರು. ಎಪ್ಪತ್ತೆರಡು ವರ್ಷ. ಐವತ್ತು ವರ್ಷದಿಂದ ಒಂದೇ ಹಾರ್ಮೋನಿಯಂ. ಊರಿನವರೆಲ್ಲ ಆಡುಮಾತಿನಲ್ಲಿ ಹಕಾರವನ್ನು ನುಂಗಿದರೂ ಮೇಷ್ಟ್ರು ನುಂಗುವುದಿಲ್ಲ. ರಂಗದ ಮೇಲೆ ನಿಂತವನು ಅಕ್ಷರ ತಿನ್ನಬಾರದು ಎಂದು ಶಿಷ್ಯರನ್ನು ಗದರಿ ಗದರಿ, ಮನೆಯಲ್ಲಿ ಉಪ್ಪು ಕೇಳುವಾಗಲೂ ತಿದ್ದಿದ ಮಾತೇ ಅವರಿಗೆ ರೂಢಿಯಾಗಿತ್ತು. ಯಾರಿಗೂ ನೆನಪಿಲ್ಲದ ನೂರಮೂವತ್ತು ಮಟ್ಟುಗಳು, ಎಂದರೆ ಹಾಡಿನ ಧಾಟಿಗಳು, ಅವರ ತಲೆಯಲ್ಲಿದ್ದವು. ಬರೆದಿಟ್ಟದ್ದು ಒಂದೂ ಇರಲಿಲ್ಲ.

ಅವರ ಮೊಮ್ಮಗಳು ಮೇಘನ ನಾಗಮಂಗಲದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ತಾತನ ಮಟ್ಟುಗಳು ತಾತನ ಜೊತೆ ಹೋಗಬಾರದು ಎಂದು ಹಟ ಹಿಡಿದವಳು ಅವಳೇ. ಹಳೆಯ ಹಾಡುಗಳನ್ನು ಕಾಪಿಡುವ ಮೈಸೂರಿನ ಒಂದು ಸಂಗ್ರಹದವರನ್ನು ಕೇಳಿದ್ದಳು. ಅವರು ಇಟ್ಟುಕೊಳ್ಳುತ್ತೇವೆ ಎಂದರು, ಆದರೆ ಮೊಬೈಲಿನಲ್ಲಿ ಹಿಡಿದದ್ದು ಬೇಡ, ಮೇಲ್ಮಟ್ಟದ ರೆಕಾರ್ಡಿಂಗ್ ಬೇಕು, ಸೆಕೆಂಡಿಗೆ ತೊಂಬತ್ತಾರು ಸಾವಿರ ಚೂರಿನಂತೆ ದನಿಯನ್ನು ಕೊಯ್ದು ಬರೆದದ್ದಾಗಬೇಕು ಎಂದರು. ಅವಳು ಅಂಗೈಯಗಲದ ಒಂದು ಯುಎಸ್‌ಬಿ ಡಬ್ಬಿ ತರಿಸಿದಳು. ಮೈಕಿನಿಂದ ಬಂದ ದನಿಯನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡುವುದು, ಕಂಪ್ಯೂಟರಿನ ಅಂಕಿಯನ್ನು ಮತ್ತೆ ದನಿಯಾಗಿಸಿ ಹೆಡ್‌ಫೋನಿಗೆ ಕೊಡುವುದು ಅದರ ಕೆಲಸ. ಡಬ್ಬಿ ಬಂತು, ಕೂಡಿಸಲು ಗೊತ್ತಾಗಲಿಲ್ಲ. ದೇವರಾಜು ಬಂದ.

ಶ್ರಾವಣದ ಒಂದು ಭಾನುವಾರ. ಮೇಷ್ಟ್ರ ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ಹಾರ್ಮೋನಿಯಂ, ಎದುರಿಗೆ ಮೈಕು. ಫ್ಯಾನು ಆರಿಸಿ, ಹಿತ್ತಲ ಎಮ್ಮೆಗೆ ಮುಂಚಿತವಾಗಿ ಹುಲ್ಲು ಹಾಕಿ, ಬಾಗಿಲು ಮುಚ್ಚಿಯಾಗಿತ್ತು. ಮೇಷ್ಟ್ರು ಹಾಡಿದರೆ ಹೆಡ್‌ಫೋನಿನಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ದೇವರಾಜು ವೈರು ಬದಲಿಸಿದ, ಇನ್ನೊಂದು ತೂತಿಗೆ ಚುಚ್ಚಿದ, ಚಾರ್ಜರು ಕಿತ್ತು ನೋಡಿದ. ಸಿಡಿತ ನಿಲ್ಲಲಿಲ್ಲ. ಕಂಪ್ಯೂಟರಿಗೂ ಡಬ್ಬಿಗೂ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೊಂದಿದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಕಿತ್ತುಹಾಕಿ ಬೇರೆ ಡ್ರೈವರ್ ಹುಡುಕಿದ. ಡಬ್ಬಿ ಮಾಡಿದವರ ತಾಣ ತೆರೆಯಲು ಹಳ್ಳಿಯ ಸಿಗ್ನಲ್ಲು ಸಾಲದೆ, ತನ್ನ ಪೆನ್‌ಡ್ರೈವಿನಲ್ಲಿದ್ದ, ಅದೇ ಕಂಪನಿಯ ಹಳೇ ಮಾದರಿಯ ಡಬ್ಬಿಗೆಂದು ಮಾಡಿದ ಡ್ರೈವರನ್ನು ಹಾಕಿದ. ಆಮೇಲೆ ರೆಕಾರ್ಡಿಂಗ್ ತಂತ್ರಾಂಶದಲ್ಲಿ ತೊಂಬತ್ತಾರು ಸಾವಿರದ ಬದಲು ಎಂಬತ್ತೆಂಟು ಸಾವಿರ ಒತ್ತಿದ. ಸಿಡಿತ ನಿಂತಿತು.

“ಅಣ್ಣ, ಪರದೆ ಮೇಲೆ ಈ ಕಿಟಕೀಲಿ ಎಂಬತ್ತೆಂಟು ಅಂತಿದೆ, ಡಬ್ಬಿ ಕಿಟಕೀಲಿ ತೊಂಬತ್ತಾರು ಅಂತಲೇ ಇದೆಯಲ್ಲ?” ಎಂದಳು ಮೇಘನ.

“ಅದು ಅಂಗೇ ತೋರಿಸ್ತದೆ ಕಣವ್ವ. ಚಟಪಟ ನಿಂತ್ತಾ ಇಲ್ವಾ, ಅದನ್ನ ನೋಡು.”

ಅದು ಹಾಗೆ ತೋರಿಸಬಾರದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ಅಂಕಿಯೂ ಒಂದೇ ಇರಬೇಕು. ಆದರೆ ಮೇಷ್ಟ್ರು ಒಂದು ಗಂಟೆಯಿಂದ ಕೂತಲ್ಲೇ ಕೂತಿದ್ದರು, ಮೇಷ್ಟ್ರ ಹೆಂಡತಿ ಸೋಮಮ್ಮ ಎರಡನೇ ಸಲ ಕಾಫಿ ತಂದಿದ್ದರು, ಗೊತ್ತಿಲ್ಲ ಎಂದು ಹೇಳಿ ದೇವರಾಜುವಿಗೆ ಅಭ್ಯಾಸವಿರಲಿಲ್ಲ. ನಾಲ್ಕು ಭಾನುವಾರ ಅದೇ ಡ್ರೈವರಿನಲ್ಲಿ, ಅದೇ ಅಂಕಿಯಲ್ಲಿ ನೂರಮೂವತ್ತು ಮಟ್ಟುಗಳೂ ಕಂಪ್ಯೂಟರಿಗೆ ಹೋದವು.

ಆಗಿದ್ದು ಇಷ್ಟೇ. ಡಬ್ಬಿ ಸೆಕೆಂಡಿಗೆ ತೊಂಬತ್ತಾರು ಸಾವಿರ ಚೂರು ಕೊಯ್ದು ಕೊಡುತ್ತಿತ್ತು. ತಂತ್ರಾಂಶ ಅದನ್ನು ಎಂಬತ್ತೆಂಟು ಸಾವಿರವೆಂದು ನಂಬಿ ಬರೆದುಕೊಳ್ಳುತ್ತಿತ್ತು. ಆ ಫೈಲನ್ನು ಬೇರೆಲ್ಲಿ ಹಾಕಿ ಕೇಳಿದರೂ ಒಂದು ಗಂಟೆಯ ಹಾಡು ಒಂದು ಗಂಟೆ ಐದು ನಿಮಿಷ ಎಳೆಯುತ್ತಿತ್ತು, ದನಿ ತಗ್ಗುತ್ತಿತ್ತು. ಕೇಳಿದವರು ಮೆಚ್ಚಿಕೊಂಡರು. “ಮೇಷ್ಟ್ರ ಗಂಟ್ಲು ಏನ್ ಗಂಭೀರ ಬಂದದೆ ನೋಡ್ಲಾ, ಸಿನಿಮಾದೋರಂಗೆ!” ಎಂದು ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆ ವರ್ಷ ನಾಟಕ ಕಲಿಯುತ್ತಿದ್ದ ಎಂಟು ಜನ ಶಿಷ್ಯರೂ ಫೋನಿನಲ್ಲಿ ಅದನ್ನೇ ಹಾಕಿಕೊಂಡು, ಹಾಲು ಕರೆಯುವಾಗ, ಗದ್ದೆಗೆ ನೀರು ಕಟ್ಟುವಾಗ ಅಭ್ಯಾಸ ಮಾಡಿದರು.

ಮೆಚ್ಚದೆ ಇದ್ದವರು ಒಬ್ಬರೇ.

ದಸರಾ ಕಳೆದ ಮೇಲೆ ಶಿಷ್ಯರಲ್ಲಿ ಮುಂದಾಳಾದ ದಿಲೀಪ್ ದೇವರಾಜುವಿಗೆ ಫೋನು ಮಾಡಿದ. “ಅಣ್ಣ, ಒಸಿ ಬಂದೋಗು. ಮೇಷ್ಟ್ರದೂ ಕಂಪ್ಯೂಟ್ರುದೂ ಜಗಳ ಅತ್ಕಂಡದೆ” ಎಂದು ನಕ್ಕ. ದಿಲೀಪ್ ಡೇರಿಯಲ್ಲಿ ಹಾಲು ಅಳೆಯುವವನು, ನಾಟಕದಲ್ಲಿ ರಾಜ. ದೇವರಾಜು ಲ್ಯಾಪ್‌ಟಾಪು ಹಿಡಿದು ಸಂತೆಬಾಚಹಳ್ಳಿಗೆ ಹೋದಾಗ ಸಮುದಾಯ ಭವನದಲ್ಲಿ ಎಂಟೂ ಜನ ಕೂತಿದ್ದರು.

ಮೇಷ್ಟ್ರು ಹಾರ್ಮೋನಿಯಮ್ಮಿನ ಮನೆ, ಎಂದರೆ ಕಪ್ಪು ಬಿಳಿ ಕೀಲಿ, ಒಂದೊಂದನ್ನೇ ಒತ್ತಿ ತೋರಿಸಿದರು.

“ದೇವರಾಜು, ನಾನು ಹಾಡಿದ್ದು ಕಪ್ಪು ಎರಡರಲ್ಲಿ ಕಣಪ್ಪ. ಈ ಫೋನಿನಲ್ಲಿ ಬರೋದು ಬಿಳಿ ಎರಡಕ್ಕೂ ಸಿಕ್ಕಲ್ಲ, ಅದರ ಕೆಳಗೆ ಕಪ್ಪು ಒಂದಕ್ಕೂ ಸಿಕ್ಕಲ್ಲ. ನಡುವೆ ಸಂದಿಯಲ್ಲಿ ಕೂತಿದೆ. ಇಂಥ ಶ್ರುತಿ ನನ್ನ ಹಾರ್ಮೋನಿಯಮ್ಮಿನಲ್ಲಿ ಇಲ್ಲವೇ ಇಲ್ಲ. ಇದರ ಮೇಲೆ ಕಲಿತವರಿಗೆ ನಾನು ಹೇಗೆ ನುಡಿಸಲಿ?”

ದೇವರಾಜು ಫೋನಿನಲ್ಲಿ ಹಾಕಿದ, ಲ್ಯಾಪ್‌ಟಾಪಿನಲ್ಲಿ ಹಾಕಿದ. ಎರಡೂ ಒಂದೇ ಸಮ. ಅವನ ಎದೆ ಉಬ್ಬಿತು.

“ನೋಡಿ ಮೇಷ್ಟ್ರೇ, ಎರಡು ಮಿಷನ್ನೂ ಒಂದೇ ಯೋಳ್ತಾವೆ. ಇದು ಕ್ಯಾಸೆಟ್ ಅಲ್ಲ, ಬ್ಯಾಟ್ರಿ ಇಳಿದ್ರೆ ಎಳೆಯಾಕೆ. ಡಿಜಿಟಲ್ಲು. ತಪ್ಪಾದ್ರೆ ಬರೋದೇ ಇಲ್ಲ, ಬಂದ್ರೆ ತಪ್ಪಾಗಾಕಿಲ್ಲ. ನಿಮ್ ಆರ್ಮೋನಿ ಐವತ್ತು ವರ್ಷದ್ದು, ಅದು ಏರೋಗದೆ. ಇಲ್ಲಾಂದ್ರೆ...” ಎಂದು ತಡೆದ. ತಡೆದದ್ದನ್ನು ನುಂಗಿದ್ದರೆ ಈ ಕಥೆ ಇರುತ್ತಿರಲಿಲ್ಲ. “ಇಲ್ಲಾಂದ್ರೆ ಎಪ್ಪತ್ತೆರಡಾಯ್ತಲ್ಲ, ಕಿವಿನ ಒಸಿ ಡಾಕ್ಟ್ರಿಗೆ ತೋರಿಸ್ಕಳಿ.”

ಯಾರೋ ಕಿಸಕ್ಕೆಂದರು. ಒಬ್ಬ ನಕ್ಕ ಮೇಲೆ ಎಂಟು ಜನ ನಗುವುದು ಕಷ್ಟವಲ್ಲ. ದಿಲೀಪನಂತೂ “ಮೇಷ್ಟ್ರೇ, ಕಂಪ್ಯೂಟ್ರಿಗೇ ಶ್ರುತಿ ಕಲಿಸ್ಬುಡೋ ಅಂಗಿದ್ರಲ್ಲ ನೀವು!” ಎಂದ. ಮೇಷ್ಟ್ರೂ ನಕ್ಕರು. ನಗದೆ ಏನು ಮಾಡುವುದು?

ಈ ನಾಡಿನಲ್ಲಿ ಇದೇನೂ ಹೊಸದಲ್ಲ. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು ಕೂರದಿದ್ದರೆ ಯಂತ್ರ ಕೆಟ್ಟಿದೆ ಎನ್ನುವವರಿಲ್ಲ, ಅರವತ್ತು ವರ್ಷ ಕಳೆ ಕಿತ್ತ ಬೆರಳೇ ಸರಿಯಿಲ್ಲ ಎನ್ನುತ್ತಾರೆ. ಪಿಂಚಣಿ ಕೇಳಲು ಬಂದ ಮುದುಕಿಗೆ ‘ನೀನು ಬದುಕಿರೋದು ಸಿಸ್ಟಮ್ಮಿನಲ್ಲಿ ಕಾಣ್ತಿಲ್ಲ’ ಎನ್ನುತ್ತಾರೆ, ಅವಳು ಎದುರಿಗೇ ನಿಂತಿದ್ದರೂ. ಪರದೆಯ ಮುಂದೆ ಕೂತವನಿಗೆ ಎದ್ದು ನೋಡುವ ಕಷ್ಟ ತಪ್ಪಿದರೆ ಸಾಕು, ಎದುರಿಗಿರುವವನ ಬೆರಳು, ಉಸಿರು, ಕಿವಿ ಏನು ಸುಳ್ಳಾದರೂ ಸರಿ. ಆ ಹೊತ್ತಿನಲ್ಲಿ ದೇವರಾಜುವೂ ಅಂಥದೊಂದು ಕೌಂಟರಿನ ಹಿಂದೆ ಕೂತಿದ್ದ.

ಮತ್ತೆ ಅವನು ಅದನ್ನು ನೆನೆಯಲಿಲ್ಲ. ಸಂಕ್ರಾಂತಿ ಬಂತು, ಹೋಯಿತು.

ಆಮೇಲೆ ಒಂದು ಮಧ್ಯಾಹ್ನ ಮೇಘನ ಲ್ಯಾಪ್‌ಟಾಪನ್ನೂ ಯುಎಸ್‌ಬಿ ಡಬ್ಬಿಯನ್ನೂ ಹಿಡಿದು ಅಂಗಡಿಗೆ ಬಂದಳು. ಮೈಸೂರಿನವರು ಪತ್ರ ಬರೆದಿದ್ದರು. ನಾವು ಕೇಳಿದ್ದು ತೊಂಬತ್ತಾರು, ನೀವು ಕಳಿಸಿದ್ದು ಎಂಬತ್ತೆಂಟು, ಯಾಕೆಂದು ತಿಳಿಸಿ ಎಂದು. ದೇವರಾಜು ಡಬ್ಬಿ ಚುಚ್ಚಿ, ಹೆಡ್‌ಫೋನು ಹಾಕಿಕೊಂಡು, ಒಂದು ಮಟ್ಟು ಒತ್ತಿದ.

ಮೇಷ್ಟ್ರ ದನಿ ಬಂತು. ಫೋನಿನಲ್ಲಿ ಕೇಳುತ್ತಿದ್ದ ಗಡಸು ದನಿಯಲ್ಲ. ಅವರದೇ ದನಿ, ಚುರುಕಾದ, ಸ್ವಲ್ಪ ತೆಳುವಾದ, ಶಿಷ್ಯರನ್ನು ಗದರುವ ದನಿ. ಅವನು ಹೆಡ್‌ಫೋನು ಕಳಚಿ ಅದೇ ಫೈಲನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ ಸ್ಪೀಕರಿನಲ್ಲಿ ಬಿಟ್ಟ. ಗಡಸು, ಎಳೆತ. ಮತ್ತೆ ಡಬ್ಬಿ. ಚುರುಕು. ಒಂದೇ ಫೈಲು, ಇಬ್ಬರು ಮೇಷ್ಟ್ರು.

“ಏನಣ್ಣ, ಬೆವರ್ತಿದೀರಿ?” ಎಂದಳು ಮೇಘನ.

ತಪ್ಪಾಗಿ ಬರೆದ ಡಬ್ಬಿಯೇ ಓದುವಾಗಲೂ ಅದೇ ತಪ್ಪು ಮಾಡಿ ಸರಿದೂಗಿಸುತ್ತಿತ್ತು. ಬೇರೆ ಎಲ್ಲ ಯಂತ್ರಗಳೂ ಅಂಕಿಯನ್ನು ನಂಬಿ ಮೋಸ ಹೋಗಿದ್ದವು. ಪರದೆಯ ಮೇಲೆ ಇವತ್ತೂ ಎರಡು ಕಿಟಕಿ, ಎರಡು ಅಂಕಿ. ಶ್ರಾವಣದ ಆ ಭಾನುವಾರ ಅವು ಅವನ ಕಣ್ಣೆದುರೇ ಇದ್ದವು, ಮೇಘನ ಬೆರಳಿಟ್ಟು ಕೇಳಿಯೂ ಇದ್ದಳು. ಅಂಗಡಿಯಲ್ಲಿ ಸಿಗ್ನಲ್ಲು ಇತ್ತು. ಸರಿಯಾದ ಡ್ರೈವರ್ ಇಳಿಸಿಕೊಳ್ಳಲು ಆರು ನಿಮಿಷ. ನೂರಮೂವತ್ತು ಫೈಲುಗಳ ತಲೆಯಲ್ಲಿದ್ದ ಅಂಕಿ ತಿದ್ದಲು ಇನ್ನೊಂದು ಅರ್ಧ ಗಂಟೆ. ಎಲ್ಲವೂ ಕಪ್ಪು ಎರಡಕ್ಕೆ ಬಂದು ಕೂತವು. ಎಲ್ಲ ಮುಗಿಯಿತು ಎಂದುಕೊಂಡ. ಮನೆಗೆ ಹೋಗಿ ಶ್ವೇತಳಿಗೆ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಫೈಲು ಸರಿ ಮಾಡುದ್ರಿ. ಕಿವಿ ಕೆಟ್ಟದೆ ಅಂದಿದ್ರಲ್ಲ, ಅದನ್ನ ಯಾವಾಗ ಸರಿ ಮಾಡ್ತೀರಿ?”

ಮಾರನೇ ದಿನ ಬೆಳಿಗ್ಗೆಯೇ ಸಂತೆಬಾಚಹಳ್ಳಿಗೆ ಹೋದ. ಜಗಲಿಯ ಮೇಲೆ ಸೋಮಮ್ಮ ಅವರೆಕಾಯಿ ಸುಲಿಯುತ್ತಿದ್ದರು.

“ಬಾರಪ್ಪ ದೇವರಾಜು. ಇವತ್ತೂ ಕಂಪ್ಯೂಟ್ರು ತಂದ್ಯಾ? ಇನ್ನೇನ್ ಉಳ್ದದೆ ನಮ್ಮನೇಲಿ ರಿಪೇರಿ ಮಾಡಾಕೆ?”

ಒಳಗೆ ಮೇಷ್ಟ್ರು ಪತ್ರಿಕೆ ಓದುತ್ತಿದ್ದರು. ಚಾಪೆಯ ಜಾಗದಲ್ಲಿ ರಾಗಿ ಮೂಟೆ ಇತ್ತು. ದೇವರಾಜು ನಿಂತೇ ಹೇಳಿದ. ಡ್ರೈವರು, ಎರಡು ಕಿಟಕಿ, ಎಂಬತ್ತೆಂಟು, ತೊಂಬತ್ತಾರು, ಎಲ್ಲ. “ನಿಮ್ ಕಿವಿನೇ ಸರಿ ಮೇಷ್ಟ್ರೇ. ನಂದೇ ತಪ್ಪು. ಈಗ ಸರಿ ಮಾಡಿವ್ನಿ. ನಿಮ್ ಆರ್ಮೋನಿಗೆ ಅಂಗೇ ಕೂರ್ತದೆ, ಬೇಕಾರೆ ಈಗ್ಲೇ ನುಡ್ಸಿ ನೋಡಿ.”

ಮೇಷ್ಟ್ರು ಪತ್ರಿಕೆ ಮಡಿಸಿದರು. “ಕೂರಲ್ಲ” ಎಂದರು.

“ಕೂರ್ತದೆ ಮೇಷ್ಟ್ರೇ, ನಾನ್ ನೋಡಿವ್ನಿ...”

“ಕೂರಲ್ಲಪ್ಪ. ಅದನ್ನ ಕೆರೆಸಿಬಿಟ್ಟೆ.”

ದೇವರಾಜುವಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ಬಂದು ನಿಂತ ಸೋಮಮ್ಮನೇ ಬಿಡಿಸಿ ಹೇಳಿದರು. ಸಮುದಾಯ ಭವನದಲ್ಲಿ ನಗಾಡಿದ ವಾರಕ್ಕೆ ಮೇಷ್ಟ್ರು ಹಾರ್ಮೋನಿಯಮ್ಮನ್ನು ಹೆಗಲಿಗೆ ಹಾಕಿಕೊಂಡು, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಶ್ರೀರಂಗಪಟ್ಟಣದ ಗಂಜಾಂಗೆ, ಹಾರ್ಮೋನಿಯಂ ರಿಪೇರಿಯ ಮುದ್ದಯ್ಯನ ಹತ್ತಿರ ಹೋಗಿದ್ದರು. ಒಳಗೆ ಗಾಳಿಗೆ ನಡುಗಿ ದನಿ ಕೊಡುವ ಹಿತ್ತಾಳೆ ನಾಲಿಗೆಗಳಿಗೆ ರೀಡು ಎನ್ನುತ್ತಾರೆ. ಆ ರೀಡುಗಳ ಬುಡವನ್ನು ಒಂದೊಂದಾಗಿ ಅರದಲ್ಲಿ ಕೆರೆಸಿ, ಹಾರ್ಮೋನಿಯಮ್ಮನ್ನು ಅರ್ಧ ಮನೆ ತಗ್ಗಿಸಿಕೊಂಡು ಬಂದಿದ್ದರು. ಕಂಪ್ಯೂಟರಿನ ದನಿಗೆ ಹೊಂದಲಿ ಎಂದು.

“ಹೊಂದಿತು” ಎಂದರು ಮೇಷ್ಟ್ರು. “ಒಂದು ತಿಂಗಳು ಚೆನ್ನಾಗಿ ಹೊಂದಿತು. ಆಮೇಲೆ ಹುಡುಗರು ನಾಗಮಂಗಲದಿಂದ ಕೀಬೋರ್ಡಿನವನನ್ನು ಕರೆಸಿದರು, ಜೊತೆಗಿರಲಿ ಅಂತ. ಅವನ ಕೀಬೋರ್ಡಿಗೂ ನನ್ನ ಹಾರ್ಮೋನಿಯಮ್ಮಿಗೂ ಕೂಡಲಿಲ್ಲ. ‘ನಿಮ್ ಪೆಟ್ಗೆ ಅರ್ಧ ಮನೆ ಇಳ್ದೋಗದೆ ಯಜಮಾನ್ರೇ, ಅಟ್ಟದ್ ಮ್ಯಾಲೆ ಇಕ್ಕುಬುಡಿ’ ಅಂದ. ಎಲ್ಲರೂ ನಕ್ಕರು. ಆವತ್ತು ನಾನು ನಗಲಿಲ್ಲ. ಎದ್ದು ಬಂದೆ. ಮತ್ತೆ ಹೋಗಿಲ್ಲ.”

ಹಾರ್ಮೋನಿಯಂ ನಿಜವಾಗಿಯೂ ಅಟ್ಟದ ಮೇಲೆ, ಹಳೇ ಪಂಚೆಯಲ್ಲಿ ಸುತ್ತಿ ಕೂತಿತ್ತು.

ದೇವರಾಜು ಜೇಬಿಗೆ ಕೈ ಹಾಕಿದ. ಫೋನಿನಲ್ಲಿ ತಿದ್ದಿದ ಮಟ್ಟು ಇತ್ತು. ಕೇಳಿಸಲೇ ಎಂದು ಸನ್ನೆ ಮಾಡಿದ. ಮೇಷ್ಟ್ರು ಬೇಡವೆಂದು ಕೈ ಆಡಿಸಿದರು.

“ನನಗೆ ಕೇಳಿಸಬೇಡ. ನನ್ನ ಕಿವಿ ಕೆಟ್ಟಿದೆ ಅಂತ ಎಂಟು ಜನರ ಮುಂದೆ ಹೇಳಿದೆಯಲ್ಲ, ಕೆಟ್ಟಿಲ್ಲ ಅಂತ ಆ ಎಂಟು ಜನರ ಮುಂದೆಯೇ ಹೇಳು. ನನ್ನ ಮನೆಯೊಳಗೆ ಬಂದು ಕಿವಿಯಲ್ಲಿ ಹೇಳಿದರೆ ಏನು ಬಂತು?”

ಆ ಭಾನುವಾರ ಸಂಜೆ ಅವನು ಸಮುದಾಯ ಭವನಕ್ಕೆ ಹೋದ. ನಾಟಕ ಶಿವರಾತ್ರಿಗೆ, ಇನ್ನು ಹದಿನೈದು ದಿನ ಉಳಿದಿತ್ತು. ನಾಗಮಂಗಲದ ಕೀಬೋರ್ಡಿನವನು ಮೇಷ್ಟ್ರ ಜಾಗದಲ್ಲಿ ಕೂತಿದ್ದ. ಬಾಗಿಲ ಹೊರಗೆ ಚಪ್ಪಲಿ ಬಿಡುವಾಗಲೇ ದೇವರಾಜುವಿಗೆ ಒಂದು ವಿಷಯ ಹೊಳೆದು ಕಾಲು ನಿಂತಿತು. ದಿಲೀಪ್ ಹಾಡುತ್ತಿದ್ದ. ಮೇಷ್ಟ್ರು ಕುದುರೆ ನಡಿಗೆಯಲ್ಲಿ ಹಾಡುತ್ತಿದ್ದ ಯುದ್ಧದ ಮಟ್ಟು ಅದು. ದಿಲೀಪನ ಬಾಯಲ್ಲಿ ಅದು ಹೊರೆ ಹೊತ್ತ ಎತ್ತಿನಂತೆ ಎಳೆಯುತ್ತಿತ್ತು. ತಾಳ ತಪ್ಪಿರಲಿಲ್ಲ. ಸರಿಯಾಗಿ, ಒಪ್ಪವಾಗಿ, ಫೈಲಿನಲ್ಲಿದ್ದಷ್ಟೇ ನಿಧಾನ. ಆಮೇಲೆ ಇನ್ನೊಬ್ಬ ಹಾಡಿದ. ಅವನೂ ಹಾಗೆಯೇ. ಫೈಲುಗಳಲ್ಲಿ ತಿದ್ದಿದ್ದ ತಪ್ಪು ಎಂಟು ಗಂಟಲಲ್ಲಿ ಬೇರು ಬಿಟ್ಟಿತ್ತು.

ಹಾಡು ನಿಂತ ಮೇಲೆ ಹೇಳಿದ. ಏನನ್ನೂ ಬಿಡಲಿಲ್ಲ. ತಾನು ತಪ್ಪು ಡ್ರೈವರ್ ಹಾಕಿದ್ದು, ಅಂಕಿ ಬೇರೆ ಇದ್ದದ್ದನ್ನು ನೋಡಿಯೂ ಸುಮ್ಮನಿದ್ದದ್ದು, ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜವಾಗಿದ್ದದ್ದು. “ನಾನು ಅವ್ರ ಕಿವಿ ಕೆಟ್ಟದೆ ಅಂದೆ. ಕೆಟ್ಟಿದ್ದು ನನ್ ಬುದ್ಧಿ.”

ದಿಲೀಪ್ ತಲೆ ಕೆರೆದುಕೊಂಡ.

“ಅಯ್ಯೋ ಬುಡಣ್ಣ. ಅದಕ್ಕ್ಯಾಕೆ ಇಷ್ಟ್ ದೂರ ಬಂದೆ? ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?”

“ಮೇಷ್ಟ್ರುನ್ನ ಓಗಿ ಕರ್ಕಂಡ್ ಬನ್ರಲಾ ಮತ್ತೆ. ಈಗ ಗೊತ್ತಾಯ್ತಲ್ಲ.”

“ಕರೀಬೋದು. ಆದ್ರೆ ಅವರು ಬಂದ್ರೆ ಓಡ್ಸಿ ಆಡು ಅಂತಾರೆ. ನಮ್ಗೆ ಇದೇ ರೂಢಿ ಆಗ್ಬುಟ್ಟದೆ ಕಣಣ್ಣ. ಅದ್ನೈದು ದಿನದಲ್ಲಿ ಗಂಟ್ಲು ಬದ್ಲಾಯ್ಸಾಕಾಯ್ತದಾ? ಮುಂದ್ಲೊರ್ಷ ನೋಡಮ.” ದಿಲೀಪ್ ಕೆಟ್ಟವನಲ್ಲ. ಹಾಗೆ ಹೇಳುವಾಗ ಅವನು ದೇವರಾಜುವಿನ ಮುಖ ನೋಡಲಿಲ್ಲ. ಕೀಬೋರ್ಡಿನವನು ಒಂದು ಗುಂಡಿ ಒತ್ತಿ, “ನಂಗೇನು, ಯಾವ್ ಶ್ರುತಿಗೆ ಬೇಕಾರೂ ಒಂದೇ ಬಟನ್ನು” ಎಂದ.

ಎಂಟು ಜನರ ಮುಂದೆ ಹೇಳಿದ್ದಾಯಿತು. ನಗಲು ಅವರಿಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ನಾಚಲು ಮುಂದಿನ ವರ್ಷ ಬೇಕಂತೆ.

ಸೋಮವಾರ ಅಂಗಡಿ ತೆರೆಯಲಿಲ್ಲ. ಗಂಜಾಂಗೆ ಹೋದ. ಮುದ್ದಯ್ಯನದು ಒಂದೇ ಕೋಣೆಯ ಅಂಗಡಿ. ಗೋಡೆಯ ತುಂಬ ಬಿಚ್ಚಿದ ಹಾರ್ಮೋನಿಯಮ್ಮಿನ ಹೊಟ್ಟೆಗಳು. ಅರವತ್ತೈದು ದಾಟಿದ, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಮನುಷ್ಯ. ದೇವರಾಜು ತಾನು ಯಾರೆಂದು ಹೇಳುತ್ತಲೇ ಅವನು ಕೈಯಲ್ಲಿದ್ದ ಅರ ಕೆಳಗಿಟ್ಟ.

“ಓ, ಕಂಪ್ಯೂಟ್ರು ನೀನೇನಾ?”

“ನಾನೇ.”

“ಕೂತ್ಕೊ.” ಮುದ್ದಯ್ಯ ಸ್ಟೂಲು ತಳ್ಳಿದ. “ನಾನು ಯೋಳ್ದೆ ಕಣಪ್ಪ. ರೀಡು ಒಂದೊಂದೂ ಸರಿಯಾಗವೆ ಮೇಷ್ಟ್ರೇ, ಇದನ್ನ ಕೆರೆದ್ರೆ ಪಾಪ ಸುತ್ಕತದೆ ಅಂದೆ. ‘ಕಂಪ್ಯೂಟರು ಸುಳ್ಳು ಹೇಳುತ್ತಾ ಮುದ್ದಯ್ಯ, ನಮಗಿಬ್ಬರಿಗೂ ವಯಸ್ಸಾಯಿತು’ ಅಂದ್ರು. ಜಗಳ ಆಡ್ಬೇಕಿತ್ತು. ಆಡ್ನಿಲ್ಲ. ಯಾಕೆ ಗೊತ್ತಾ? ನಂಗೂ ಅನುಮಾನ ಬಂದ್ಬುಡ್ತು. ನಲವತ್ತು ವರ್ಷ ಈ ಕೆಲಸ ಮಾಡಿವ್ನಿ. ರೀಡು ಸರಿಯಾಗೇ ಅದೆ ಅಂತ ಕಿವಿ ಯೋಳ್ತಾ ಅದೆ, ಕೈ ಕೆರೀತಾ ಅದೆ. ಮೇಷ್ಟ್ರ ಫೋನಲ್ಲಿದ್ದ ನಿನ್ ರೆಕಾರ್ಡು ಕೇಳ್ಕಂಡು ಕೆರೆದೆ.”

“ಮತ್ತೆ ಏರ್ಸಾಕೆ ಆಗಲ್ವಾ?”

“ತುದಿ ಕೆರೆದ್ರೆ ಏರ್ತದೆ. ಆದ್ರೆ ಬುಡ ತೆಳ್ಳಗಾಗದೆ, ತುದೀನೂ ತೆಳ್ಳಗಾದ್ರೆ ರೀಡು ಅಲ್ಲ ಅದು, ತಗಡು. ಒಂದು ತಿಂಗಳು ನುಡ್ಸಿದ್ರೆ ಮುರೀತದೆ. ಒಸ ರೀಡ್ ಆಕ್ಬೇಕು.”

“ಆಕಿ. ನಾನ್ ಕೊಡ್ತೀನಿ ಎಷ್ಟಾದ್ರೂವೆ.”

ಮುದ್ದಯ್ಯ ಕನ್ನಡಕ ಕಳಚಿದ. “ದುಡ್ಡಿನ್ ಮಾತಲ್ಲ ಕಣ್ಲಾ. ಒಸ ರೀಡು ಎಳೇ ಕರ ಇದ್ದಂಗೆ. ಅದಕ್ಕೆ ಶ್ರುತಿ ಕೂರಿಸ್ಬೇಕಾದ್ರೆ ನುಡಿಸೋರು ಪಕ್ಕದಲ್ಲಿ ಕೂತಿರ್ಬೇಕು. ನಾನು ಕೆರೀಬೇಕು, ಅವರು ಇನ್ನೊಸಿ, ಸಾಕು ಅನ್ನಬೇಕು. ಮೊದಲ್ನೇ ಸಲ ಈ ಆರ್ಮೋನಿಗೆ ರೀಡು ಕಟ್ಟಿದ್ದು ನಮ್ಮಪ್ಪ. ಆಗ ಮೇಷ್ಟ್ರು ಮೂರು ದಿನ ಇಲ್ಲೇ ಉಂಡು ಇಲ್ಲೇ ಮಲಗಿದ್ರಂತೆ. ಅವರ ಕಿವಿ ಇಲ್ದೆ ನಾನು ಕೂರ್ಸಲ್ಲ. ಒಂದ್ಸಲ ಮಾಡಿದ್ದು ಸಾಕು. ಬರಾಕೆ ಯೋಳು ಅವ್ರಿಗೆ, ನಾನೇ ಬಸ್ ಸ್ಟ್ಯಾಂಡಿಗೆ ಬಂದು ಆರ್ಮೋನಿ ಒತ್ಕಂಡ್ ಬತ್ತೀನಿ.”

ದೇವರಾಜುವಿಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಯಿತು. ಅಲ್ಲೇ ಕೂತು ಫೋನು ಮಾಡಿದ, ಸ್ಪೀಕರಿಗೆ ಹಾಕಿದ. ಮೇಷ್ಟ್ರೇ ಎತ್ತಿದರು. ಸಮುದಾಯ ಭವನದಲ್ಲಿ ಹೇಳಿ ಬಂದದ್ದನ್ನು ಹೇಳಿದ. ಅವರು ಹೂಂ ಎಂದರು. ದಿಲೀಪನ ಉತ್ತರವನ್ನು ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಬಹುಶಃ ಆಗಲೇ ಊರಿಗೆಲ್ಲ ಗೊತ್ತಿತ್ತು. ಗಂಜಾಂನಿಂದ ಮಾತಾಡುತ್ತಿದ್ದೇನೆ, ಹೊಸ ರೀಡು ಹಾಕುತ್ತಾರೆ, ಶ್ರುತಿ ಕೂರಿಸಲು ನೀವೇ ಬರಬೇಕಂತೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದ.

ಆ ಕಡೆ, ಹಿತ್ತಲಲ್ಲಿ, ಎಮ್ಮೆ ಒಂದು ಸಲ ಕೂಗಿದ್ದು ಕೇಳಿಸಿತು.

“ಮುದ್ದಯ್ಯ ಇದ್ದಾನಾ ಅಲ್ಲಿ?”

“ಇವ್ನಿ ಮೇಷ್ಟ್ರೇ” ಎಂದ ಮುದ್ದಯ್ಯ.

“ನೀನು ಹೇಳಿದ್ದೇ ಸರಿ ಕಣಯ್ಯ. ನಾನು ಕೇಳಲಿಲ್ಲ.”

“ಅಯ್ಯೋ, ಅದಿರ್ಲಿ ಬುಡಿ. ಬನ್ನಿ ನೀವು. ಮೂರು ದಿನ ಕೂತ್ಕಂಡ್ರೆ ಮೊದಲ್ನಂಗೇ ಮಾಡ್ಬುಡಮ.”

“ಬಂದು?” ಮೇಷ್ಟ್ರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ದೇವರಾಜು ಎಷ್ಟೋ ಹಗುರಾಗುತ್ತಿದ್ದ. “ನೀನು ಕೆರೀತೀಯ. ಸಾಕಾ ಅಂತ ಕೇಳ್ತೀಯ. ನಾನು ಏನು ಹೇಳಲಿ? ಸಾಕು ಅಂತ ಬಾಯಿಗೆ ಬರುವಾಗಲೇ, ನಿಜವಾಗಿ ಸಾಕಾ, ಇಲ್ಲ ನನ್ನ ಕಿವಿ ಹಾಗನ್ನುತ್ತಾ ಅಂತ ಇನ್ನೊಂದು ಯೋಚನೆ ಬರುತ್ತೆ. ಮೊದಲು ಬರುತ್ತಿರಲಿಲ್ಲ. ಈಗ ಮನೆಯಲ್ಲಿ ಒಬ್ಬನೇ ಗುನುಗುವಾಗಲೂ ಬರುತ್ತೆ. ನನ್ನ ಕಿವಿ ಸರಿಯಾಗಿದೆ ಅಂತ ದೇವರಾಜು ಹೇಳಿದ, ಸಂತೋಷ. ಅವನೇ ಹೇಳಿದ್ದಲ್ಲವಾ ಕೆಟ್ಟಿದೆ ಅಂತಲೂ? ಯಾವುದಾದರೂ ಮಿಷನ್ನು ಇಟ್ಟುಕೊಂಡು ಕೂರಿಸು ಮುದ್ದಯ್ಯ. ಈಗ ಸರಿಯಾದ ಡ್ರೈವರ್ ಹಾಕಿದ್ದಾನಂತೆ.”

ಫೋನು ನಿಂತಿತು. ದೇವರಾಜು ಮತ್ತೆ ಮಾಡಲಿಲ್ಲ. ಮುದ್ದಯ್ಯ ಹೊಸ ರೀಡುಗಳಿದ್ದ ಡಬ್ಬವನ್ನು ಆಗಲೇ ಕೆಳಗಿಳಿಸಿ ಮುಚ್ಚಳ ತೆಗೆದಿದ್ದ. ಈಗ ಮತ್ತೆ ಮುಚ್ಚಳ ಹಾಕಿದ.